ಮೂರು ನೀರಿನಲ್ಲಿ ಜಾಲಿಸಿದ ಬಟ್ಟೆ

ಈ ಭಾನುವಾರ ಬೆಳಿಗ್ಗೆ ಚಿಕ್ಕಬಳ್ಳಾಪುರದ ನಮ್ಮ ಮನೆಯ ಸಂಪು ತೊಳೆಯಲು ಇಬ್ಬರು ಬಂದಿದ್ದರು. ಹಳೆಯ ನೀರೆಲ್ಲ ಹೊರಗೆ ಹಾಕಿ, ಗೋಡೆ ಉಜ್ಜಿ, ಕೊನೆಗೆ ಬಕೆಟ್ಟಿನಲ್ಲಿ ಬ್ಲೀಚಿಂಗ್ ಪೌಡರ್ ಕಲಸಿದರು. ಆ ವಾಸನೆ ಅಡುಗೆಮನೆ ದಾಟಿ, ನಾನು ಕಾಫಿ ಹಿಡಿದು ಕೂತಿದ್ದ ಜಾಗಕ್ಕೇ ಬಂತು. ಮೂಗು ಚುರುಗುಟ್ಟಿಸಿ ಗಂಟಲು ಹಿಡಿಯುವ ವಾಸನೆ. ನಮ್ಮ ಮನೆಯವರು ಕಿಟಕಿ ಮುಚ್ಚಲು ಎದ್ದರು. ನಾನು ಬೇಡ ಅಂದೆ. ಅವರು ನಕ್ಕು ಸುಮ್ಮನೆ ಕೂತರು. ಮದುವೆಯಾದ ಹೊಸತರಲ್ಲೇ ಅವರಿಗೆ ಹೇಳಿದ್ದೆ, ಉಳಿದ ಹೆಂಗಸರಿಗೆ ತವರಿನ ನೆನಪು ಮಲ್ಲಿಗೆಯಿಂದಲೋ ಒಗ್ಗರಣೆಯಿಂದಲೋ ಬರುತ್ತದೆ, ನನಗೆ ಬರುವುದು ಬ್ಲೀಚಿಂಗ್ ಪೌಡರಿನಿಂದ ಎಂದು.

ಪಕ್ಕದಲ್ಲೇ ಗೋಡೆಗೆ ಒರಗಿ ಒಂದು ಪಟ ನಿಂತಿತ್ತು. ಚೌಕಟ್ಟು ಹಾಕಿಸಿ ತಂದು ತಿಂಗಳ ಮೇಲಾಗಿದ್ದರೂ ಸುತ್ತಿದ್ದ ಪೇಪರನ್ನು ನಾನು ಬಿಚ್ಚಿರಲಿಲ್ಲ. ಅದನ್ನು ತಲುಪಿಸಬೇಕಾದ ಮನೆ ಮೇಲೂರಿನಲ್ಲಿದೆ. ದಾರಿ ದೂರವಲ್ಲ. ದೂರವಿಲ್ಲದ ದಾರಿಗೇ ನೆಪಗಳು ಜಾಸ್ತಿ ಬೇಕಾಗುತ್ತವೆ, ನಾನೂ ಸಾಕಷ್ಟು ಹುಡುಕಿಟ್ಟುಕೊಂಡಿದ್ದೆ.

ಮೇಲೂರಿನಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ರಕ್ತಸಂಬಂಧ ಏನೂ ಇಲ್ಲ. ಹುಟ್ಟಿದಾಗಿನಿಂದ ಅತ್ತೆ ಅಂತ ಕರೆದದ್ದು. ಬೀದಿಯವರಿಗೆಲ್ಲ ಅವರು ಚಾಕಿ ಅತ್ತೆ. ರೇಷ್ಮೆಹುಳು ಮೊಟ್ಟೆಯೊಡೆದು ಬಂದ ಮೇಲೆ ಮೊದಲ ಹತ್ತು ದಿನ ಅದನ್ನು ಚಾಕಿ ಹುಳು ಅನ್ನುತ್ತಾರೆ. ಇರುವೆಗಿಂತ ಸಣ್ಣಗಿರುವ ಆ ಮರಿಗಳನ್ನು ಎರಡು ಸಲ ಪೊರೆ ಬಿಡುವ ತನಕ ಸಾಕಿ, ಆಮೇಲೆ ಬೇರೆ ರೈತರಿಗೆ ಹಂಚುವುದು ಅತ್ತೆಯ ಕೆಲಸವಾಗಿತ್ತು. ಅವರ ಕೈಯಿಂದ ಹೋದ ಹುಳು ಅಂದರೆ ಗೂಡು ಗಟ್ಟಿ ಎಂದು ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ಕೂಡ ಹೇಳುತ್ತಿದ್ದರಂತೆ. ಇದನ್ನು ನನಗೆ ಹೇಳಿದವರೂ ಅತ್ತೆಯೇ. ಹಾಗಾಗಿ ಸ್ವಲ್ಪ ಕಡಿಮೆ ಮಾಡಿಕೊಂಡು ನಂಬಬಹುದು.

ಅವರ ಹುಳದ ಮನೆ ಹಿತ್ತಿಲಲ್ಲಿತ್ತು. ಸುಣ್ಣ ಬಳಿದ ಗೋಡೆ, ಜಾಲರಿ ಹಾಕಿದ ಕಿಟಕಿ, ಒಂದೇ ಬಾಗಿಲು. ಹೊಸ್ತಿಲ ಮುಂದೆ ಒಂದು ಗೋಣಿಚೀಲ ಹಾಸಿ, ಬ್ಲೀಚಿಂಗ್ ಪೌಡರನ್ನೂ ಸುಣ್ಣವನ್ನೂ ಕಲಸಿದ ನೀರಿನಿಂದ ಅದನ್ನು ಸದಾ ಒದ್ದೆಯಾಗಿಟ್ಟಿರುತ್ತಿದ್ದರು. ಯಾರೇ ಬರಲಿ, ಎರಡೂ ಪಾದ ಅದರ ಮೇಲೆ ಇಟ್ಟು, ಪಕ್ಕದ ಬೋಗುಣಿಯಲ್ಲಿ ಕೈ ತೊಳೆದು, ತಲೆಗೆ ಬಿಳಿ ಬಟ್ಟೆ ಕಟ್ಟಿಕೊಂಡೇ ಒಳಗೆ ಕಾಲಿಡಬೇಕು. ಹೂ ಮುಡಿದಿದ್ದರೆ ತೆಗೆದಿಡಬೇಕು. ಪೌಡರ್ ಹಾಕಿದ್ದರೆ ಮುಖ ತೊಳೆಯಬೇಕು. ಹುಳು ಒಳಗಿದ್ದಷ್ಟು ದಿನ ನಮ್ಮ ಮನೆಯಲ್ಲೂ ಇಂಗಿನ ಒಗ್ಗರಣೆ ನಿಲ್ಲಿಸಿ ಅಂತ ಗೋಡೆಯಾಚೆಯಿಂದ ಕೂಗಿ ಹೇಳುತ್ತಿದ್ದರು. ನಮ್ಮಮ್ಮ ಗೊಣಗುತ್ತಲೇ ನಿಲ್ಲಿಸುತ್ತಿದ್ದರು.

ಅತ್ತೆಯ ತವರು ಚಿಂತಾಮಣಿಯ ಕಡೆ, ಆಂಧ್ರದ ಗಡಿಗೆ ಅಂಟಿಕೊಂಡ ಊರು. ಸಿಟ್ಟು ಬಂದಾಗಲೂ ಪ್ರೀತಿ ಬಂದಾಗಲೂ ಅವರ ಬಾಯಲ್ಲಿ ತೆಲುಗು ಬರುತ್ತಿತ್ತು. ಹೊಸ್ತಿಲ ಹತ್ತಿರ ಕಾಲ ಸಪ್ಪಳ ಕೇಳಿದರೆ ಸಾಕು, ತಲೆ ಎತ್ತದೆ, ಹುಳಕ್ಕೆ ಹಾಕುವ ಹಿಪ್ಪುನೇರಳೆ ಸೊಪ್ಪು ಹೆಚ್ಚುವ ಕತ್ತಿ ನಿಲ್ಲಿಸದೆ, ಒಳಗಿನಿಂದಲೇ ಕೇಳುತ್ತಿದ್ದರು.

"ಕಾಳ್ಳು ಕಡುಕ್ಕುನ್ನಾವಾ?"

ಕಾಲು ತೊಳೆದುಕೊಂಡೆಯಾ ಅಂತ. ಬ್ಯಾಂಕಿನ ಮ್ಯಾನೇಜರ್ ಬಂದಾಗಲೂ ಇದೇ ಪ್ರಶ್ನೆ. ರೇಷ್ಮೆ ಇಲಾಖೆಯ ಅಧಿಕಾರಿ ಬೂಟು ಹಾಕಿಕೊಂಡು ಬಂದಾಗಲೂ ಇದೇ. ಸಾಕ್ಷಾತ್ ದೇವರು ಬಂದರೂ ಚಾಕಿ ಅತ್ತೆ ಮೊದಲು ಪಾದ ನೋಡುತ್ತಾಳೆ ಎಂದು ಬೀದಿಯವರು ಆಡಿಕೊಳ್ಳುತ್ತಿದ್ದರು.

ನಾನು ಆರನೇ ಕ್ಲಾಸಿನಲ್ಲಿದ್ದಾಗ ಒಂದು ಸಂಗತಿ ನಡೆಯಿತು. ಅದನ್ನು ಹೇಳದಿದ್ದರೆ ಮುಂದಿನದು ಯಾವುದಕ್ಕೂ ಅರ್ಥವಿರುವುದಿಲ್ಲ.

ಹಿಂದಿನ ಬೀದಿಯ ನನ್ನ ಗೆಳತಿಯ ಮನೆಯಲ್ಲಿ ಹುಳುಗಳಿಗೆ ಹಾಲುತೊಂಡೆ ರೋಗ ಬಂದಿತ್ತು. ಹುಳು ಉಬ್ಬಿ ಹಳದಿಯಾಗಿ, ಮುಟ್ಟಿದರೆ ಒಡೆದು ಹಾಲಿನಂಥ ನೀರು ಒಸರುವ ರೋಗ. ಮಕ್ಕಳಿಗೆ ಅದೊಂದು ನೋಡುವ ವಸ್ತು. ಒಂದು ಹುಳವನ್ನು ಅಂಗೈ ಮೇಲೆ ಇಟ್ಟುಕೊಂಡು ಒತ್ತಿ ನೋಡಿದೆ. ಕೈಯನ್ನು ಲಂಗಕ್ಕೆ ಒರೆಸಿಕೊಂಡೆ. ಅಲ್ಲಿಂದ ನೇರವಾಗಿ ಅತ್ತೆಯ ಹಿತ್ತಿಲಿಗೆ ಬಂದೆ. ಅತ್ತೆ ತೋಟದಲ್ಲಿದ್ದರು. ಕೇಳುವವರಿಲ್ಲ ಎಂಬ ಧೈರ್ಯಕ್ಕೆ ಗೋಣಿಚೀಲವನ್ನು ಒಂದೇ ನೆಗೆತಕ್ಕೆ ದಾಟಿ ಒಳಗೆ ಹೋದೆ. ಮರಿಹುಳುಗಳು ಸೊಪ್ಪು ತಿನ್ನುವ ಸದ್ದು ಕೇಳುವುದು ನನಗೆ ಇಷ್ಟವಿತ್ತು. ಒಂದು ತಟ್ಟೆಯ ಹತ್ತಿರ ಕಿವಿ ಇಟ್ಟು, ಬೆರಳಿಂದ ಸೊಪ್ಪು ಸರಿಸಿ ನೋಡಿ, ಬಂದ ಹಾಗೇ ಹೊರಟುಹೋದೆ.

ನಾಲ್ಕು ದಿನಕ್ಕೆ ಹುಳು ಹಂಚಿಕೆಯಾಯಿತು. ಒಂಬತ್ತು ಮನೆಗೆ ಹೋಯಿತು. ತಮಗೆಂದು ಎರಡು ತಟ್ಟೆ ಉಳಿಸಿಕೊಂಡಿದ್ದರು ಅತ್ತೆ. ಒಂದು ಬೆಳಿಗ್ಗೆ ಅದರಲ್ಲಿ ಉಬ್ಬಿದ ಹುಳು ಕಂಡಿತು.

ಹಂಚಿದ ಮೇಲೆ ರೋಗ ಕಂಡರೆ ಅದು ತೆಗೆದುಕೊಂಡವರ ಮನೆಯ ಕೊಳೆ ಎಂದು ಜಾರಿಕೊಳ್ಳುವುದು ಸುಲಭ. ಎಲ್ಲರೂ ಹಾಗೇ ಮಾಡುತ್ತಿದ್ದರು. ಅತ್ತೆ ಸೀರೆಯ ಸೆರಗು ಸಿಕ್ಕಿಸಿಕೊಂಡು, ಬೆಳಗಿನ ಊಟ ಕೂಡ ಮಾಡದೆ, ಒಂಬತ್ತು ಮನೆಗೂ ನಡೆದು ಹೋದರು. ನಾನು ಹಿಂದೆ ಹಿಂದೆ ಹೋದೆ. ಪ್ರತಿ ಮನೆಯ ಮುಂದೆಯೂ ಒಂದೇ ಮಾತು. "ಹುಳದಲ್ಲಿ ಹಾಲುತೊಂಡೆ ಐತೆ. ನನ್ನ ಮನೆಯಿಂದಾನೇ ಬಂದಿರೋದು. ಉಬ್ಬಿರೋವನ್ನ ಇವತ್ತೇ ತೆಗೆದು ಸುಣ್ಣದ ನೀರಿಗೆ ಹಾಕಿ, ತಟ್ಟೆಗೆ ಸುಣ್ಣ ಹೊಡೀರಿ. ಅರ್ಧಾನಾದ್ರೂ ಉಳೀತದೆ." ಮೂರನೆಯ ಮನೆಯಲ್ಲಿ ಒಬ್ಬ ಹಿರಿಯರು ಬಾಯಿಗೆ ಬಂದ ಹಾಗೆ ಬೈದರು. ಅತ್ತೆ ತಲೆ ತಗ್ಗಿಸಿ ನಿಂತು ಕೇಳಿದರು. ಅಷ್ಟು ಜೋರಿನ ಹೆಂಗಸು...

ನಾಲ್ಕನೆಯ ಮನೆಗೆ ಹೋಗುವ ದಾರಿಯಲ್ಲಿ ನನಗೆ ತಡೆಯಲಾಗಲಿಲ್ಲ. ಅಳುತ್ತಾ ಎಲ್ಲ ಹೇಳಿಬಿಟ್ಟೆ. ಹುಳು ಒತ್ತಿದ್ದು, ಗೋಣಿ ದಾಟಿದ್ದು, ಬೆರಳು ಆಡಿಸಿದ್ದು. ಅತ್ತೆ ನಿಂತರು. ಹೊಡೆಯುತ್ತಾರೆ ಅಂದುಕೊಂಡೆ. ನನ್ನ ಕೈ ಎರಡೂ ಹಿಡಿದು ತಿರುಗಿಸಿ ನೋಡಿದರು, ಇನ್ನೂ ಅಲ್ಲೇನೋ ಅಂಟಿದೆ ಎಂಬ ಹಾಗೆ.

"ನಂಗೆ ಹೇಳಿದ್ಯಲ್ಲ, ಅಲ್ಲಿಗೆ ನಿಂದು ಮುಗೀತು. ಅವ್ರಿಗೆ ಹೇಳೋದು ನನ್ನ ಕೆಲ್ಸ. ಬಾಗ್ಲು ನಂದು ಕಣಮ್ಮ. ಯಾರು ದಾಟಿ ಬಂದ್ರೂ ಬಾಗ್ಲು ನಂದೇ."

ಉಳಿದ ಆರು ಮನೆಗಳಲ್ಲಿ ನನ್ನ ಹೆಸರು ಬರಲಿಲ್ಲ. ಆ ದಿನವಲ್ಲ, ಯಾವತ್ತೂ ಬರಲಿಲ್ಲ. ಮುಂದಿನ ಬೆಳೆಗೆ ಒಂಬತ್ತರಲ್ಲಿ ನಾಲ್ಕು ಮನೆಯವರು ಅತ್ತೆಯ ಹತ್ತಿರ ಹುಳು ತೆಗೆದುಕೊಳ್ಳಲಿಲ್ಲ. ಒಂದು ವರ್ಷ ಕಳೆಯುವಷ್ಟರಲ್ಲಿ ಅವರೂ ಬಂದರು, ಜೊತೆಗೆ ಹೊಸಬರೂ ಬಂದರು. ತೊಂದರೆ ಇದ್ದರೆ ಅವಳೇ ಬಂದು ಹೇಳುತ್ತಾಳೆ ಅನ್ನುವ ನಂಬಿಕೆಗೆ ಬಂದರು. ಆ ಒಂದು ವರ್ಷ ಮಾತ್ರ ಹಿತ್ತಿಲಲ್ಲಿ ಖಾಲಿ ತಟ್ಟೆಗಳು ಒಂದರ ಮೇಲೊಂದು ನಿಂತಿದ್ದವು. ನಾನು ಅವನ್ನು ನೋಡದೆ ಸ್ಕೂಲಿಗೆ ಹೋಗುವ ದಾರಿ ಕಲಿತೆ.

ಓದು ಮುಗಿಸಿ ನಾನು ಸೇರಿದ್ದು ಬೆಂಗಳೂರಿನ ಒಂದು ಪ್ರಯೋಗಾಲಯಕ್ಕೆ. ಚಂದ್ರನನ್ನು ಸುತ್ತುವ ನೌಕೆಗಾಗಿ ಎಕ್ಸ್-ರೇ ಡಿಟೆಕ್ಟರ್‌ಗಳನ್ನು ಪರೀಕ್ಷೆ ಮಾಡುವ ತಂಡ. ಊರಿನಲ್ಲಿ ಯಾರಿಗೆ ಹೇಳಿದರೂ, ಎಕ್ಸ್-ರೇ ಅಂದರೆ ಮೂಳೆ ಮುರಿದಾಗ ತೆಗೆಯುವುದಲ್ಲವಾ, ಚಂದ್ರನಿಗೆ ಏನಾಯಿತು ಅನ್ನುತ್ತಿದ್ದರು. ಕೂತು ಕೇಳಿದ್ದು ಅತ್ತೆ ಒಬ್ಬರೇ. ಸೂರ್ಯನಿಂದಲೂ ಎಕ್ಸ್-ರೇ ಬರುತ್ತದೆ, ಅದು ಚಂದ್ರನ ನೆಲಕ್ಕೆ ಬಡಿದಾಗ ಅಲ್ಲಿರುವ ಒಂದೊಂದು ಧಾತುವೂ ತನ್ನದೇ ಬಗೆಯ ಎಕ್ಸ್-ರೇ ಹೊರಗೆ ಬಿಡುತ್ತದೆ, ಕಬ್ಬಿಣದ್ದು ಬೇರೆ, ಅಲ್ಯೂಮಿನಿಯಂದು ಬೇರೆ, ಕ್ಯಾಲ್ಸಿಯಂದು ಬೇರೆ, ಮೇಲಿನಿಂದ ಅವನ್ನು ಹಿಡಿದು ಬೇರೆ ಮಾಡಿದರೆ ಚಂದ್ರನ ಮೇಲೆ ಎಲ್ಲೆಲ್ಲಿ ಏನೇನಿದೆ ಎಂಬ ನಕ್ಷೆ ಬರೆಯಬಹುದು ಎಂದು ವಿವರಿಸಿದೆ.

"ಹಂಗಾರೆ ಮಣ್ಣು ಮುಟ್ದೇನೇ ಮಣ್ಣು ಪರೀಕ್ಷೆ," ಅಂದರು.

ಹತ್ತು ಪುಟದ ನನ್ನ ವರದಿಗಿಂತ ಅದು ಚೆನ್ನಾಗಿತ್ತು. ಹೌದು ಅಂದೆ.

"ಸುಣ್ಣ ಐತಾ ಅಲ್ಲಿ?"

"ಪುಡಿ ಸುಣ್ಣ ಇಲ್ಲ ಅತ್ತೆ. ಕಲ್ಲಿನೊಳಗೆ ಸುಣ್ಣದ ಅಂಶ ಇರ್ತದೆ. ಕ್ಯಾಲ್ಸಿಯಂ ಅಂತೀವಿ. ಚಂದ್ರ ಬೆಳ್ಳಗೆ ಕಾಣೋ ಕಡೆ ಜಾಸ್ತಿ."

"ಸುಣ್ಣ ಬಳ್ದಿರೋ ಜಾಗ ಅನ್ನು. ಶುದ್ಧವಾಗೇ ಇರ್ತದೆ ಬಿಡು," ಅಂದು ಸಮಾಧಾನಪಟ್ಟುಕೊಂಡರು. ಅವತ್ತಿನಿಂದ ನನ್ನ ಕೆಲಸದ ಬಗ್ಗೆ ಅವರು ಕೇಳುತ್ತಿದ್ದ ಪ್ರಶ್ನೆ ಒಂದೇ. ಸುಣ್ಣ ಕಂಡಿತಾ?

ಆ ಪ್ರಶ್ನೆ ನಮ್ಮ ತಂಡದ್ದೂ ಆಗಿತ್ತು. ಚಂದ್ರನ ಕ್ಯಾಲ್ಸಿಯಂ ಸಾಮಾನ್ಯ ದಿನಗಳಲ್ಲಿ ಕಾಣುವುದಿಲ್ಲ. ಸೂರ್ಯ ಜೋರಾಗಿ ಸಿಡಿದಾಗ ಮಾತ್ರ ಅದು ಮಿಣುಕುತ್ತದೆ, ಅದೂ ಬಹಳ ಮಂದವಾಗಿ. ಅಷ್ಟು ಮಂದವಾದದ್ದನ್ನು ನಮ್ಮ ಡಿಟೆಕ್ಟರ್‌ಗಳು ಹಿಡಿಯಬಲ್ಲವೇ ಎಂಬುದು ಎಲ್ಲರ ಮನಸ್ಸಿನಲ್ಲಿದ್ದ ಅನುಮಾನ. ಪರೀಕ್ಷೆಯ ವಿಧಾನ ಹೀಗೆ. ಗಾಳಿ ತೆಗೆದ ಉಕ್ಕಿನ ಪೆಟ್ಟಿಗೆಯೊಳಗೆ ಡಿಟೆಕ್ಟರನ್ನು ಮಂಜುಗಡ್ಡೆಗಿಂತ ತಣ್ಣಗೆ ಇಟ್ಟು, ಎದುರಿಗೆ ಶುದ್ಧ ಲೋಹದ ಒಂದು ಬಿಲ್ಲೆ ಇಟ್ಟು, ಅದರ ಮೇಲೆ ಎಕ್ಸ್-ರೇ ಬಿಡುವುದು. ಅಲ್ಯೂಮಿನಿಯಂ ಬಿಲ್ಲೆ ಇಟ್ಟರೆ ಕಂಪ್ಯೂಟರಿನ ಪರದೆಯ ಮೇಲೆ ಅಲ್ಯೂಮಿನಿಯಂ ಜಾಗದಲ್ಲಿ ಒಂದು ಗೋಪುರ ಏಳಬೇಕು. ಬೇರೆಲ್ಲೂ ಏನೂ ಏಳಬಾರದು.

ಇದೆಲ್ಲ ನಡೆಯುವ ಕ್ಲೀನ್ ರೂಮಿಗೆ ಮೊದಲ ದಿನ ಹೋದಾಗ ನನಗೆ ನಗು ಬಂದಿತ್ತು. ಬಾಗಿಲ ಮುಂದೆ ಅಂಟುವ ಹಾಸು, ಅದರ ಮೇಲೆ ಎರಡೂ ಪಾದ, ತಲೆಗೆ ಬಿಳಿ ಟೋಪಿ, ಹೂ ಇಲ್ಲ, ಪೌಡರ್ ಇಲ್ಲ. ಜೊತೆಯವರು ಎರಡು ವಾರ ತಡವರಿಸಿದರು. ನನಗೆ ಒಂದು ಸಲ ಹೇಳಿದ್ದೇ ಸಾಕಾಯಿತು. ನಮ್ಮ ತಂಡದ ಮುಖ್ಯಸ್ಥೆ, ನಾವೆಲ್ಲ ಮೇಡಂ ಎನ್ನುತ್ತಿದ್ದವರು, ಎಲ್ಲಿ ಕಲಿತಿರಿ ಅಂತ ಕೇಳಿದರು. ಮೇಲೂರಿನಲ್ಲಿ ಅಂದೆ. ಅವರು ಅದು ಯಾವುದೋ ಕಾಲೇಜು ಅಂದುಕೊಂಡಿರಬೇಕು. ಬಿಲ್ಲೆಗಳನ್ನು ಒರೆಸಿ ಸಿದ್ಧ ಮಾಡುವ ಕೆಲಸವನ್ನು ಪೂರ್ತಿ ನನಗೇ ವಹಿಸಿದರು.

ಅಲ್ಲೇ ನಾನು ಎಡವಿದ್ದು.

ಒರೆಸಲು ಕೊಡುತ್ತಿದ್ದ ಬಟ್ಟೆ ಬಿಲ್ಲೆಯ ಅಂಚಿಗೆ ಸಿಕ್ಕಿ ಎಳೆ ಬಿಡುತ್ತಿತ್ತು. ದಿನಾ ಕೂದಲಿಗಿಂತ ಸಣ್ಣ ಎಳೆಗಳನ್ನು ಚಿಮುಟದಿಂದ ತೆಗೆದು ತೆಗೆದು ನನಗೆ ರೇಗಿಹೋಗಿತ್ತು. ರೇಷ್ಮೆ ಎಳೆ ಬಿಡುವುದಿಲ್ಲ. ಇದು ನಮ್ಮ ಕಡೆ ಮಗುವಿಗೂ ಗೊತ್ತು. ಊರಿಗೆ ಹೋದಾಗ, ಬಣ್ಣ ಹಾಕದ ರೇಷ್ಮೆ ಬಟ್ಟೆಯ ಒಂದು ತುಂಡು ಇದೆಯಾ ಅತ್ತೆ ಅಂತ ಕೇಳಿದೆ. ಏನಕ್ಕೆ ಎಂದು ತಿಳಿದ ಮೇಲೆ ಅವರು ಟ್ರಂಕಿನ ತಳದಿಂದ ಬಿಳಿಯ ರೇಷ್ಮೆ ವಸ್ತ್ರವೊಂದನ್ನು ತೆಗೆದರು. ಅವರ ಹುಳದ ಮೊದಲ ಬೆಳೆಯ ನೂಲಿನಿಂದ ನೇಯಿಸಿ ಇಟ್ಟುಕೊಂಡದ್ದು. ನಾನು ಬೇಡ ಬೇಡ ಅನ್ನುತ್ತಿದ್ದರೂ ಅದರ ಒಂದು ಮೂಲೆಯಿಂದ ಕರವಸ್ತ್ರದಷ್ಟು ಕತ್ತರಿಸಿದರು. ನಾಳೆ ಹೋಗುವಾಗ ತಗೊಂಡು ಹೋಗು ಅಂದರು. ಮರುದಿನ ಒಗೆದು, ಒಣಗಿಸಿ, ಮಡಿಸಿ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಕೊಟ್ಟರು. ಅವರ ಮುಖದಲ್ಲಿದ್ದ ಹೆಮ್ಮೆಯನ್ನು ನೋಡಿ ನಾನು ಕವರ್ ತೆರೆದೂ ನೋಡಲಿಲ್ಲ.

ಸೋಮವಾರ ಆ ಬಟ್ಟೆಯಿಂದ ಎಲ್ಲ ಬಿಲ್ಲೆಗಳನ್ನೂ ಒರೆಸಿದೆ. ಒಂದು ಎಳೆಯೂ ಇಲ್ಲ. ಯಾರನ್ನೂ ಕೇಳಲಿಲ್ಲ, ಯಾರಿಗೂ ಹೇಳಲಿಲ್ಲ. ಅಂದು ಪೆಟ್ಟಿಗೆಯೊಳಗೆ ಇದ್ದದ್ದು ಏಳನೆಯ ಡಿಟೆಕ್ಟರ್.

ಅಲ್ಯೂಮಿನಿಯಂ ಗೋಪುರ ಸರಿಯಾಗಿ ಎದ್ದಿತು. ಬಲಕ್ಕೆ, ಏನೂ ಇರಬಾರದ ಜಾಗದಲ್ಲಿ, ಒಂದು ಸಣ್ಣ ಗುಡ್ಡ. ಕ್ಯಾಲ್ಸಿಯಂ. ಬಿಲ್ಲೆ ಬದಲಿಸಿದೆವು. ಮತ್ತೆ ಅದೇ ಗುಡ್ಡ. ಯಾವ ಬಿಲ್ಲೆ ಇಟ್ಟರೂ ಅದು ಬಿಡಲಿಲ್ಲ. ಹಿಂದಿನ ವಾರ ಇದೇ ಡಿಟೆಕ್ಟರ್ ಶುದ್ಧವಾಗಿತ್ತು. ಹಾಗಾದರೆ ಈ ಸಲ ಅದನ್ನು ಪೆಟ್ಟಿಗೆಯಲ್ಲಿ ಕೂರಿಸುವಾಗ ಅದರ ಮುಖದ ಮೇಲೇ ಏನೋ ಬಿದ್ದಿದೆ ಎಂದು ತೀರ್ಮಾನವಾಯಿತು. ಚಂದ್ರನ ಕ್ಯಾಲ್ಸಿಯಂ ಹುಡುಕಲು ಹೋಗುವ ಕಣ್ಣಿನಲ್ಲೇ ಕ್ಯಾಲ್ಸಿಯಂ ಕೂತಿದ್ದರೆ ಅದನ್ನು ಕಳಿಸುವ ಹಾಗಿಲ್ಲ. ಮೂರು ದಿನ ನೋಡಿ, ಏಳನೆಯದನ್ನು ನೌಕೆಗೆ ಹೋಗುವ ಪಟ್ಟಿಯಿಂದ ತೆಗೆಯುವುದು ಎಂದು ಮೇಡಂ ಹೇಳಿದರು. ನಮ್ಮ ಬಳಿ ಇದ್ದವುಗಳಲ್ಲಿ ಅತ್ಯಂತ ಚೆನ್ನಾಗಿ ನೋಡುತ್ತಿದ್ದದ್ದೇ ಅದು.

ಅದನ್ನು ಕೂರಿಸಿದವರು ನಮ್ಮ ಹಿರಿಯ ಟೆಕ್ನಿಶಿಯನ್. ಗೌರಿಬಿದನೂರಿನ ಕಡೆಯವರು, ವಿದುರಾಶ್ವತ್ಥದ ಹತ್ತಿರ ಅವರ ಹೊಲ. ಆ ವರ್ಷವೇ ನಿವೃತ್ತಿ. ಅವರನ್ನು ಯಾರೂ ಬೈಯಲಿಲ್ಲ. ಆದರೆ ಮುಂದಿನ ಡಿಟೆಕ್ಟರ್ ಕೂರಿಸಲು ಮೇಡಂ ಬೇರೆಯವರ ಹೆಸರು ಬರೆದರು. ಊಟದ ಹೊತ್ತಿನಲ್ಲಿ ಅವರು ಡಬ್ಬಿ ತೆರೆಯದೆ ತಮ್ಮ ಬೆರಳುಗಳನ್ನೇ ನೋಡಿಕೊಂಡು ಕೂತಿದ್ದರು.

"ಕೈ ನಡುಗಿತೇನೋ ಕಣಮ್ಮ. ನಂಗೇ ಗೊತ್ತಾಗಿಲ್ಲ," ಅಂದರು.

ನಾನು ಗ್ರಾಫಿನ ಕಾಗದ ತೆಗೆದುಕೊಂಡು ಕಿಟಕಿಯ ಹತ್ತಿರ ಹೋದೆ. ಕ್ಯಾಲ್ಸಿಯಂ ಗುಡ್ಡದ ಎಡಕ್ಕೆ ಇನ್ನೊಂದು ಪುಟ್ಟ ಉಬ್ಬು ಇತ್ತು. ಪೆಟ್ಟಿಗೆಯಲ್ಲಿ ಉಳಿದ ಗಾಳಿಯದ್ದು, ಗಾಳಿಯಲ್ಲಿರುವ ಆರ್ಗಾನ್‌ದು ಇರಬೇಕು ಎಂದು ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಸ್ಕೇಲ್ ಇಟ್ಟು ಅಳೆದೆ. ಆರ್ಗಾನ್ ಇರಬೇಕಾದ ಜಾಗದಲ್ಲಿ ಅದು ಇರಲಿಲ್ಲ. ಅದಕ್ಕಿಂತ ಎಡಕ್ಕಿತ್ತು. ಕ್ಲೋರಿನ್.

ಕ್ಯಾಲ್ಸಿಯಂ ಮತ್ತು ಕ್ಲೋರಿನ್. ಎರಡೂ ಜೊತೆಗೆ... ಇದು ಓದಿನಿಂದ ಹೊಳೆದದ್ದಲ್ಲ. ಮೂಗಿಗೆ ಮೊದಲು ಗೊತ್ತಾಯಿತು. ಹೋಗಿ ನನ್ನ ಡ್ರಾಯರಿನಲ್ಲಿದ್ದ ಕವರ್ ತೆರೆದು ಮೂಗಿನ ಹತ್ತಿರ ಹಿಡಿದೆ. ಬಹಳ ಸಣ್ಣಗೆ, ಇದೆಯೋ ಇಲ್ಲವೋ ಅನ್ನುವಷ್ಟು, ಅತ್ತೆಯ ಹೊಸ್ತಿಲ ವಾಸನೆ.

ಶುದ್ಧವಾದ ಕೋಣೆಗೆ ಹೋಗುವ ಬಟ್ಟೆ ಅಂತ ನಾನು ಹೇಳಿದ್ದೆನಲ್ಲ. ಶುದ್ಧ ಅಂದರೆ ಅತ್ತೆಗೆ ಗೊತ್ತಿದ್ದದ್ದು ಒಂದೇ ದಾರಿ. ಬ್ಲೀಚಿಂಗ್ ಪೌಡರ್ ಮತ್ತು ಸುಣ್ಣದ ನೀರಿನಲ್ಲಿ ಅದನ್ನು ಅದ್ದಿ ತೆಗೆದಿದ್ದರು. ಸುಣ್ಣದಲ್ಲಿರುವುದು ಕ್ಯಾಲ್ಸಿಯಂ, ಬ್ಲೀಚಿಂಗ್ ಪೌಡರಿನಲ್ಲಿ ಅದರ ಜೊತೆಗೆ ಕ್ಲೋರಿನ್.

ಆಗ ನನ್ನ ತಲೆಯಲ್ಲಿ ಬಂದದ್ದನ್ನು ಮುಚ್ಚಿಡುವುದಿಲ್ಲ. ಬಟ್ಟೆಯ ವಿಷಯ ನನ್ನನ್ನು ಬಿಟ್ಟು ಯಾರಿಗೂ ಗೊತ್ತಿರಲಿಲ್ಲ. ಅದನ್ನು ಬಸ್ ಸ್ಟ್ಯಾಂಡಿನ ಕಸದ ತೊಟ್ಟಿಗೆ ಹಾಕಿ, ಬಿಲ್ಲೆಗಳನ್ನು ತೊಳೆದಿಟ್ಟರೆ ಗುಡ್ಡ ತಾನಾಗಿ ಮಾಯವಾಗುತ್ತದೆ. ಏನೋ ಬಿದ್ದಿತ್ತು, ಹೋಯಿತು ಅಂದುಕೊಳ್ಳುತ್ತಾರೆ. ನಾನು ಕೆಲಸಕ್ಕೆ ಸೇರಿ ಎರಡು ವರ್ಷ ತುಂಬಿರಲಿಲ್ಲ, ಹೊರಗಿನ ಬಟ್ಟೆ ಒಳಗೆ ತಂದವಳನ್ನು ಯಾರು ಉಳಿಸಿಕೊಳ್ಳುತ್ತಾರೆ? ಕಸದ ತೊಟ್ಟಿಯ ಲೆಕ್ಕಾಚಾರ ಪೂರ್ತಿ ಮಾಡಿದ್ದೆ. ಆದರೆ ಏಳನೆಯದರ ಮೇಲೆ ಅನುಮಾನ ಉಳಿಯುತ್ತಿತ್ತು. ಆ ಹಿರಿಯರು ತಮ್ಮ ಕೈ ನಡುಗುತ್ತದೆ ಎಂದೇ ನಂಬಿಕೊಂಡು ಮನೆಗೆ ಹೋಗುತ್ತಿದ್ದರು. ಸೆರಗು ಸಿಕ್ಕಿಸಿಕೊಂಡು ಬಿಸಿಲಿನಲ್ಲಿ ನಡೆಯುತ್ತಿದ್ದ ಬೆನ್ನೊಂದು ನನ್ನ ಕಣ್ಣ ಮುಂದಿನಿಂದ ಕದಲಲಿಲ್ಲ.

ಕವರ್ ಹಿಡಿದು ಮೇಡಂ ಕೋಣೆಗೆ ಹೋದೆ. ಟೆಕ್ನಿಶಿಯನ್ ಅವರನ್ನೂ ಕರೆಸಿ ಅಂದೆ. ಇಬ್ಬರ ಮುಂದೆಯೂ ಹೇಳಿದೆ.

"ಯಾರನ್ನ ಕೇಳಿ ಹೊರಗಿನ ಬಟ್ಟೆ ಒಳಗೆ ತಂದ್ರಿ?" ಮೇಡಂ ಧ್ವನಿ ಏರಲಿಲ್ಲ. ಅದೇ ಹೆದರಿಕೆ.

"ಯಾರನ್ನೂ ಕೇಳ್ಲಿಲ್ಲ ಮೇಡಂ."

"ಯಾರು ಕೊಟ್ಟಿದ್ದು? ಯಾತರಲ್ಲಿ ಒಗೆದಿದಾರೆ ಅಂತ ವಿಚಾರಿಸೋದಲ್ವಾ?"

"ವಿಚಾರಿಸಬೇಕಾಗಿದ್ದು ನಾನು. ಬಿಲ್ಲೆ ಕೆಲಸ ನಂದು. ಬಟ್ಟೆ ತಂದಿದ್ದೂ ನಾನೇ."

ಅತ್ತೆಯ ಸುದ್ದಿ ನಾನು ಎತ್ತಲಿಲ್ಲ. ಎತ್ತಬಾರದು ಎಂದು ಯೋಚಿಸಿ ಬಿಟ್ಟದ್ದಲ್ಲ, ಆ ಹೊತ್ತಿಗೆ ಬಾಯಿಗೆ ಅದೇ ಬಂತು. ಹೊಸ ಬಿಲ್ಲೆಗಳನ್ನು ತರಿಸಿ ಅಂದೇ ಪರೀಕ್ಷೆ ಮಾಡಿದರು. ಗುಡ್ಡ ಇರಲಿಲ್ಲ. ಬಟ್ಟೆಯಿಂದ ಒರೆಸಿದ ಬಿಲ್ಲೆ ಇಟ್ಟರು. ಗುಡ್ಡ ಬಂತು. ಏಳನೆಯದು ಪಟ್ಟಿಗೆ ಮರಳಿತು. ಟೆಕ್ನಿಶಿಯನ್ ಹೆಸರೂ ಮರಳಿತು. ನನಗೆ ಹದಿನೈದು ದಿನ ಕ್ಲೀನ್ ರೂಮಿಗೆ ಪ್ರವೇಶ ಇಲ್ಲ ಎಂದಾಯಿತು. ಕಡಿಮೆಯೇ ಆಯಿತು. ಆ ಹಿರಿಯರು ಹೊರಗೆ ಬಂದು ನನ್ನ ತಲೆಯ ಮೇಲೆ ಕೈ ಇಟ್ಟರು. ಆ ಕೈ ಸ್ವಲ್ಪವೂ ನಡುಗುತ್ತಿರಲಿಲ್ಲ.

ಎರಡು ದಿನ ಬಿಟ್ಟು ಮೇಡಂ ನನ್ನ ಮೇಜಿನ ಹತ್ತಿರ ಬಂದು ಕೇಳಿದ್ದನ್ನು ಮಾತ್ರ ನಾನು ನಿರೀಕ್ಷಿಸಿರಲಿಲ್ಲ.

"ಆ ಬಟ್ಟೆ ಎಸೆದುಬಿಟ್ರಾ?"

ಇಲ್ಲ ಅಂದೆ. ಅವರು ಕುರ್ಚಿ ಎಳೆದು ಕೂತರು. ಒರೆಸಿದ ಬಿಲ್ಲೆಯ ಮೇಲೆ ಉಳಿದಿದ್ದ ಕ್ಯಾಲ್ಸಿಯಂ ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೆ ಸಿಗುವುದಿಲ್ಲ. ಅಷ್ಟನ್ನು ಏಳನೆಯ ಡಿಟೆಕ್ಟರ್ ಯಾರೂ ಹೇಳದೆ, ಯಾರೂ ಕೇಳದೆ ಹಿಡಿದು ತೋರಿಸಿತ್ತು. ಚಂದ್ರನ ಮಂದ ಕ್ಯಾಲ್ಸಿಯಂ ಕಂಡೀತೇ ಎಂದು ನಾವು ತಿಂಗಳುಗಟ್ಟಲೆ ವಾದ ಮಾಡಿದ್ದಕ್ಕೆ ಉತ್ತರ ಆ ಬಟ್ಟೆಯಲ್ಲಿತ್ತು. "ಇಷ್ಟು ಕಮ್ಮಿ ಸುಣ್ಣ ಹಚ್ಚಿ ಕೊಡಿ ಅಂತ ನಾನು ಕೇಳಿದ್ರೆ ನಿಮ್ಮಲ್ಲಿ ಒಬ್ರಿಗೂ ಆಗ್ತಿರಲಿಲ್ಲ," ಅಂದರು ಮೇಡಂ. ಒರೆಸಿದ ಒಂದು ಬಿಲ್ಲೆಯನ್ನು ಗಾಜಿನ ಡಬ್ಬಿಯಲ್ಲಿ ಬೇರೆಯಾಗಿ ತೆಗೆದಿಟ್ಟೆವು. ಉಳಿದ ಡಿಟೆಕ್ಟರ್‌ಗಳೆಲ್ಲ ಸರದಿಯಂತೆ ಅದರ ಮುಂದೆ ಕೂತು, ಕಾಣುತ್ತದೆ ಎಂದು ತೋರಿಸಿಯೇ ಮುಂದೆ ಹೋದವು. ಡಬ್ಬಿಯ ಚೀಟಿಯ ಮೇಲೆ ಏನು ಬರೆಯೋಣ ಅಂತ ಟೆಕ್ನಿಶಿಯನ್ ಕೇಳಿದಾಗ, ಮೇಲೂರು ಅಂತ ಬರೆಯಿರಿ ಅಂದೆ.

ಆ ಭಾನುವಾರ ಊರಿಗೆ ಹೋದಾಗ ಅತ್ತೆ ಸೊಪ್ಪು ಹೆಚ್ಚುತ್ತಿದ್ದರು. ಕಾಲು ತೊಳೆದು ಒಳಗೆ ಹೋದೆ. ಬಟ್ಟೆ ಉಪಯೋಗಕ್ಕೆ ಬಂತಾ ಎಂದು ಕೇಳಿದರು. ಬೀದಿಗೆಲ್ಲ ಆಗಲೇ ಹೇಳಿಯಾಗಿತ್ತು ಎಂದು ನಮ್ಮಮ್ಮ ಎಚ್ಚರಿಸಿದ್ದರು. ಬಂತು ಎಂದು ಹೇಳಿ ಸುಮ್ಮನಾಗಬಹುದಿತ್ತು. ಪೂರ್ತಿ ಹೇಳಿದೆ. ಹೇಳುತ್ತಾ ಹೋದಂತೆ ಕತ್ತಿ ನಿಧಾನವಾಗಿ, ಆಮೇಲೆ ನಿಂತಿತು.

"ನನ್ನಿಂದ ನಿಂಗೆ ಕೆಟ್ಟ ಹೆಸ್ರು ಬಂತಲ್ಲೇ ತಾಯಿ."

"ನಿಮ್ಮಿಂದ ಏನಿಲ್ಲ. ಬಾಗ್ಲು ನಂದು ಅತ್ತೆ," ಅಂದೆ.

ಅವರು ತಲೆ ಎತ್ತಿ ನನ್ನನ್ನು ನೋಡಿದರು. ಎಷ್ಟೋ ವರ್ಷದ ಹಿಂದಿನ ದಾರಿ ಇಬ್ಬರಿಗೂ ನೆನಪಿತ್ತು. ಅವತ್ತಿನವರೆಗೆ ನಾವು ಆ ಮಾತು ಎತ್ತಿರಲಿಲ್ಲ, ಅವತ್ತೂ ಎತ್ತಲಿಲ್ಲ. ಕೊನೆಗೆ ಅತ್ತೆ ಕೇಳಿದ್ದು ಬೇರೆಯೇ.

"ಮೂರು ನೀರಲ್ಲಿ ಜಾಲಿಸಿದ್ದೆ ಕಣೇ. ಮೂರು ನೀರು. ಅದ್ರಲ್ಲೂ ಕಂಡ್ತಾ?"

"ಕಂಡ್ತು ಅತ್ತೆ."

"ಅಬ್ಬಾ... ಭಲೇ ಕಣ್ಣು ಅದು."

ಮರುದಿನ ಅವರು ಮಾಡಿದ್ದನ್ನು ನಮ್ಮಮ್ಮ ಫೋನಿನಲ್ಲಿ ನಗುತ್ತಾ ಹೇಳಿದರು. ಸೆರಗು ಸಿಕ್ಕಿಸಿಕೊಂಡು, ಮೊದಲು ಯಾರ್‍ಯಾರ ಮುಂದೆ ಬಟ್ಟೆಯ ಬಗ್ಗೆ ಕೊಚ್ಚಿಕೊಂಡಿದ್ದರೋ ಅಷ್ಟೂ ಮನೆಗೆ ಹೋಗಿ, ನನ್ನ ಬಟ್ಟೆಯಿಂದ ತಪ್ಪಾಯಿತು, ಬ್ಲೀಚಿಂಗ್ ಉಳಿದಿತ್ತು ಎಂದು ಹೇಳಿ ಬಂದರಂತೆ. ಅದರ ಹಿಂದೆಯೇ, ಮೂರು ನೀರು ಜಾಲಿಸಿದರೂ ನಮ್ಮ ಹುಡುಗಿಯ ಯಂತ್ರ ಹಿಡಿದುಬಿಟ್ಟಿತು ಎಂದೂ ಸೇರಿಸಿದರಂತೆ. ತಪ್ಪು ಒಪ್ಪಿಕೊಳ್ಳಲು ಹೋದವರು ಮೊದಲಿಗಿಂತ ದೊಡ್ಡ ಹೆಮ್ಮೆ ಹೊತ್ತು ಮನೆಗೆ ಬಂದರು.

ಏಳನೆಯದು ಉಳಿದವುಗಳ ಜೊತೆ ಹೋಯಿತು. ನೌಕೆ ಚಂದ್ರನ ಸುತ್ತ ತಿರುಗತೊಡಗಿತು. ನಾವು ಸೂರ್ಯ ಸಿಡಿಯಲಿ ಎಂದು ಕಾದೆವು. ಒಂದು ಮಧ್ಯಾಹ್ನ ಪರದೆಯ ಮೇಲೆ, ಅದೇ ಜಾಗದಲ್ಲಿ, ನಾನು ನಿದ್ದೆಯಲ್ಲೂ ಗುರುತಿಸಬಲ್ಲ ಆ ಸಣ್ಣ ಗುಡ್ಡ ಎದ್ದಿತು. ಈ ಸಲ ಅದು ಚಂದ್ರನದೇ. ನಾನು ಹೊರಗೆ ಬಂದು ಮೇಲೂರಿಗೆ ಫೋನ್ ಮಾಡಿ, ಸುಣ್ಣ ಕಂಡಿತು ಅತ್ತೆ ಅಂದೆ. ನಕ್ಷೆ ಆದ ಮೇಲೆ ಒಂದು ನಂಗೆ ತಂದ್ಕೊಡು, ಹುಳದ ಮನೇಲಿ ಹಾಕ್ತೀನಿ ಅಂದರು.

ನಕ್ಷೆ ಅಂದರೆ ವರ್ಷಗಳ ಕೆಲಸ. ಸೂರ್ಯ ಸಿಡಿದಾಗಲೆಲ್ಲ ಒಂದೊಂದು ತುಂಡು ಸಿಗುತ್ತದೆ, ಅದನ್ನು ಜೋಡಿಸುತ್ತಾ ಹೋಗಬೇಕು. ಅತ್ತೆಗೆ ಅಷ್ಟು ಪುರುಸೊತ್ತು ಇರಲಿಲ್ಲ... ಹುಳದ ಮನೆ ತೊಳೆದು, ಸುಣ್ಣ ಬಳಿದು, ಹೊಸ ಮೊಟ್ಟೆ ಬರಲಿ ಎಂದು ಕಾಯುತ್ತಿದ್ದ ವಾರ ಅವರು ಹೋದರು. ಮೈ ಮೇಲೆ ಆ ಬಿಳಿ ರೇಷ್ಮೆ ವಸ್ತ್ರ ಹೊದಿಸಿದ್ದರು. ಒಂದು ಮೂಲೆ ಇರಲಿಲ್ಲ. ಯಾರೋ ದೂರದ ನೆಂಟರು, ಹರಿದ ಬಟ್ಟೆ ಯಾಕೆ ಹಾಕಿದಿರಿ ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಒಬ್ಬ ಮುದುಕರು ಹೇಳಿದರು.

"ಹರಿದಿದ್ದಲ್ಲಪ್ಪ. ಆ ತುಂಡು ಚಂದ್ರನ ಕೆಲಸಕ್ಕೆ ಹೋಗೈತೆ."

ಹಿಂದೊಮ್ಮೆ ಮೂರನೆಯ ಮನೆಯಲ್ಲಿ ಅತ್ತೆಯನ್ನು ಬೈದಿದ್ದರಲ್ಲ, ಅವರೇ. ನಾನು ಅವತ್ತು ಅತ್ತದ್ದು ಆ ಮಾತಿಗೆ.

ಸಂಪು ತೊಳೆಯುವವರು ಹೊರಡುವ ಹೊತ್ತಿಗೆ ನಾನು ಆ ನಕ್ಷೆಯ ಪಟ ಎತ್ತಿಕೊಂಡು ಕಾರಿನಲ್ಲಿಟ್ಟಿದ್ದೆ. ಉಳಿದಿದ್ದ ಬ್ಲೀಚಿಂಗ್ ಪೌಡರನ್ನು ಒಂದು ಹಿಡಿ ಕೇಳಿ ಪೇಪರಿನಲ್ಲಿ ಕಟ್ಟಿಕೊಂಡೆ. ಮನೆಯವರು ಹೋಗಿ ಗೇಟು ತೆಗೆದರು. ಮೇಲೂರಿನಲ್ಲಿ ಅತ್ತೆಯ ಸೊಸೆ ಬೀಗದ ಕೈ ಕೊಟ್ಟಳು. ಈಗ ಆ ಮನೆಯಲ್ಲಿ ಚಾಕಿ ಮಾಡುವುದಿಲ್ಲ. ದೊಡ್ಡ ಕೇಂದ್ರಗಳಿಂದ ಹುಳು ತರಿಸಿ, ರಸ್ತೆ ಪಕ್ಕದ ಹೊಸ ಶೆಡ್ಡಿನಲ್ಲಿ ಸಾಕುತ್ತಾರೆ. ಚೆನ್ನಾಗಿಯೇ ಇದ್ದಾರೆ. ಹಿತ್ತಿಲ ಮನೆ ಮುಚ್ಚಿದೆ, ಅಷ್ಟೇ.

ಹೊಸ್ತಿಲ ಮುಂದೆ ಗೋಣಿಚೀಲ ಒಣಗಿ ಹಲಗೆಯಂತೆ ಬಿದ್ದಿತ್ತು. ನಲ್ಲಿಯಿಂದ ಒಂದು ಬೋಗುಣಿ ನೀರು ಹಿಡಿದು, ಪುಡಿ ಕಲಸಿ, ಅದರ ಮೇಲೆ ಸುರಿದೆ. ಚಪ್ಪಲಿ ಬಿಟ್ಟು ಎರಡೂ ಪಾದ ಇಟ್ಟೆ. ಕೈ ತೊಳೆದುಕೊಂಡೆ. ಬಾಗಿಲು ತೆರೆದಾಗ ಒಳಗೆ ಬಿಳಿಯ ಗೋಡೆ, ಖಾಲಿ ತಟ್ಟೆಗಳು, ಮೂಲೆಯಲ್ಲಿ ಸೊಪ್ಪು ಹೆಚ್ಚುವ ಮಣೆ. ಪಟ ಕಂಕುಳಲ್ಲಿ ಹಿಡಿದುಕೊಂಡು ಹೊಸ್ತಿಲಲ್ಲೇ ಸ್ವಲ್ಪ ಹೊತ್ತು ನಿಂತೆ. ಯಾರೂ ಏನೂ ಕೇಳಲಿಲ್ಲ.

"ತೊಳ್ಕೊಂಡೆ ಅತ್ತೆ," ಎಂದು ಹೇಳಿ ಒಳಗೆ ಹೋದೆ.